ಶಾಹಿಬಾಗಿನ ಅರಮನೆ ಮತ್ತು ಅದರ ಒಡೆಯರು

ನರೋಡಾದಿಂದ ಅಹಮದಾಬಾದಿನ ಹಳೆಯ ಪೇಟೆಗೋ ಸಿವಿಲ್ ಆಸ್ಪತ್ರೆಗೋ ಹೋಗಿಬರುವ ಕನ್ನಡಿಗರಿಗೆ ಶಾಹಿಬಾಗ್ ಎಂಬುದು ಒಂದು ಬಡಾವಣೆಯ ಹೆಸರು, ಅಷ್ಟೆ. ‘ಶಾಹಿ ಬಾಗ್’ ಎಂದರೆ ರಾಜೋದ್ಯಾನ. ಆ ಉದ್ಯಾನದ ಬಹುಭಾಗ ಇಂದು ಮನೆ, ರಸ್ತೆಗಳಡಿಯಲ್ಲಿ ಮರೆಯಾಗಿದೆ; ಆದರೆ ಅದರೊಳಗೆ ಕಟ್ಟಿಸಿದ ಅರಮನೆಯಾದ ಮೋತಿ ಶಾಹಿ ಮಹಲ್ ಸಾಬರಮತಿಯ ದಂಡೆಯಲ್ಲಿ ಇನ್ನೂ ನಿಂತಿದೆ. ದೆಹಲಿ, ಆಗ್ರಾಗಳ ಅರಮನೆಗಳ ಮುಂದೆ ಇದು ತೀರ ಚಿಕ್ಕದು. ಆದರೂ ನಾಲ್ಕು ಶತಮಾನಗಳಲ್ಲಿ ಇದು ಕೈ ಬದಲಾದ ಬಗೆಯನ್ನು ನೋಡಿದರೆ ಗುಜರಾತಿನ ಇತಿಹಾಸದ ಲೆಕ್ಕಪುಸ್ತಕವನ್ನೇ ತಿರುವಿದಂತಾಗುತ್ತದೆ.

ಮೊಗಲ್ ಚಕ್ರವರ್ತಿ ಜಹಾಂಗೀರನು 1618ರಲ್ಲಿ ಅಹಮದಾಬಾದಿನಲ್ಲಿ ಬೀಡುಬಿಟ್ಟಿದ್ದನು. ಇಲ್ಲಿನ ಬಿಸಿಲು ಧೂಳುಗಳಿಂದ ಬೇಸತ್ತು ಈ ನಗರವನ್ನು ‘ಗರ್ದಾಬಾದ್’, ಅಂದರೆ ಧೂಳಿನ ಊರು, ಎಂದು ಹಳಿದನು. ಮೇ ತಿಂಗಳನ್ನು ನರೋಡಾದಲ್ಲಿ ಕಳೆದವರಾರೂ ಈ ಮಾತಿಗಾಗಿ ಅವನನ್ನು ಪೂರ್ತಿ ತಪ್ಪೆನ್ನಲಾರರು. ಆ ವರ್ಷಗಳಲ್ಲಿ ಗುಜರಾತಿನ ಸುಬೇದಾರನಾಗಿದ್ದ ಅವನ ಮಗ ಖುರ್ರಮನೇ, ಮುಂದೆ ಷಹಜಹಾನನಾದವನು, 1622ರ ವೇಳೆಗೆ ಈ ಮಹಲನ್ನು ಕಟ್ಟಿಸಿದನು. ಬರಗಾಲದಲ್ಲಿ ಬಡವರಿಗೆ ಕೂಲಿ ದೊರೆಯಲೆಂದು ಕಟ್ಟಿಸಿದನೆಂಬ ಪ್ರತೀತಿಯಿದೆ. ಹೆಬ್ಬಾಗಿಲು ತಗ್ಗಾಗಿ ಆನೆ ಒಳಹೋಗದಿರಲು, ಅದನ್ನು ಅಪಶಕುನವೆಂದು ಬಗೆದು ಅವನು ಒಳಗೆ ಕಾಲಿಡಲೇ ಇಲ್ಲವೆಂಬ ಐತಿಹ್ಯವೂ ಉಂಟು. ಅದು ನಿಜವಿರಲಿ, ಇಲ್ಲದಿರಲಿ, 1622ರಲ್ಲಿಯೇ ಅವನು ತಂದೆಯ ವಿರುದ್ಧ ದಂಗೆಯೆದ್ದನು. ಮರುವರ್ಷ ಅಹಮದಾಬಾದು ಅವನ ಕೈತಪ್ಪಿತು. ಕಟ್ಟಿಸಿದವನಿಗೆ ಮನೆಯ ಸುಖ ದಕ್ಕಲಿಲ್ಲ.

ನಗರ ಯಾರದೋ ಅರಮನೆ ಅವರದು ಎಂಬ ಕಾಲವದು. 1753ರಲ್ಲಿ ಪೇಶ್ವೆ ಮತ್ತು ಗಾಯಕವಾಡರ ಸೇನೆಗಳು ಅಹಮದಾಬಾದನ್ನು ಗೆದ್ದವು. ನಡುವೆ ಕಳೆದುಕೊಂಡು 1758ರಲ್ಲಿ ಮರಳಿ ಪಡೆದವು. 1780ರಲ್ಲಿ ಇಂಗ್ಲಿಷ್ ಸೇನಾನಿ ಗೊಡಾರ್ಡ್ ನಗರವನ್ನು ಹಿಡಿದನಾದರೂ ಸಾಲ್ಬಾಯಿ ಒಪ್ಪಂದದಂತೆ ಅದನ್ನು ಮರಾಠರಿಗೆ ಹಿಂದಿರುಗಿಸಲಾಯಿತು. 1817-18ರಲ್ಲಿ ನಗರ ಕಂಪನಿ ಸರಕಾರದ ಕೈಸೇರಿತು. ಮಹಲು ಬ್ರಿಟಿಷ್ ಆಡಳಿತದ ಹಿರಿಯ ಅಧಿಕಾರಿಗಳ ಬಂಗಲೆಯಾಯಿತು.

ಹೀಗೆ ವರ್ಗವಾಗಿ ಬಂದ ಅಧಿಕಾರಿಗಳಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರೂ ಒಬ್ಬರು. ಇಲ್ಲಿ ನ್ಯಾಯಾಧೀಶರಾಗಿದ್ದ ಅವರ ಬಳಿಗೆ 1878ರಲ್ಲಿ, ಇಂಗ್ಲೆಂಡಿಗೆ ಹೊರಡುವ ಮುನ್ನ, ಹದಿನೇಳರ ಹರೆಯದ ತಮ್ಮ ರವೀಂದ್ರನಾಥ ಬಂದರು. ಅತ್ತಿಗೆಯೂ ಮಕ್ಕಳೂ ಆಗಲೇ ಇಂಗ್ಲೆಂಡಿನಲ್ಲಿದ್ದರು. ಅಣ್ಣನವರು ಕಚೇರಿಗೆ ಹೋದರೆ ಅಷ್ಟು ದೊಡ್ಡ ಮನೆಯಲ್ಲಿ ಹುಡುಗನೊಬ್ಬನೇ. ಜೊತೆಗೆ ಪಾರಿವಾಳಗಳ ದನಿ. ಕೋಣೆಯಿಂದ ಕೋಣೆಗೆ ಅಲೆಯುವುದು, ಅಣ್ಣನ ಪುಸ್ತಕಗಳನ್ನು ಅರ್ಥವಾದಷ್ಟು ಓದುವುದು, ಕೆಳಗೆ ಮರಳಿನ ಅಂಚಿನಲ್ಲಿ ಹರಿಯುವ ಸಾಬರಮತಿಯನ್ನು ನೋಡುವುದು, ಬೆಳುದಿಂಗಳ ರಾತ್ರಿಗಳಲ್ಲಿ ತಾರಸಿಯ ಮೇಲೆ ಅಡ್ಡಾಡುವುದು. ತಮ್ಮ ಹಾಡುಗಳಿಗೆ ತಾವೇ ಮೊದಲ ಬಾರಿಗೆ ರಾಗ ಕಟ್ಟಿದ್ದು ಆ ತಾರಸಿಯ ಮೇಲೆಯೇ ಎಂದು ಅವರು ಮುಂದೆ ನೆನೆದಿದ್ದಾರೆ. ಹೊಸ ನಗರವಾದ ಕಲ್ಕತ್ತದಲ್ಲಿ ಕಾಣದಿದ್ದ ಗತಕಾಲ ಇಲ್ಲಿ ಕಣ್ಣೆದುರು ನಿಂತಿತು. 1895ರಲ್ಲಿ ಬಂದ ‘ಕ್ಷುಧಿತ ಪಾಷಾಣ’ ಎಂಬ ಕಥೆಯ ಬೀಜ ಇಲ್ಲಿ ಬಿದ್ದುದೆಂದು ಅವರೇ ಹೇಳಿದ್ದಾರೆ. ಹತ್ತಿಯ ಸುಂಕ ವಸೂಲಿಗೆ ಬಂದ ನೌಕರನೊಬ್ಬನು ಪಾಳು ಅರಮನೆಯಲ್ಲಿ ತಂಗಿ, ರಾತ್ರಿಯ ಹೊತ್ತು ಗತಕಾಲದವರ ಸುಳಿವಿಗೆ ಮರುಳಾಗುವ ಕಥೆ ಅದು. ಸರಕಾರಿ ಕೆಲಸದ ಮೇಲೆ ಪರವೂರಿಗೆ ಹೋಗಿ, ಒಂಟಿ ವಸತಿಯಲ್ಲಿ ರಾತ್ರಿ ಕಳೆದವರಿಗೆ ಅದರ ಭಯ ಅಪರಿಚಿತವೇನಲ್ಲ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಇದೇ ಸತ್ಯೇಂದ್ರನಾಥರು ಮುಂದೆ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾದರು. 1883ರಲ್ಲಿ ಅಲ್ಲಿಗೂ ರವೀಂದ್ರರು ಬಂದರು. ಕಾಳೀನದಿಯಲ್ಲಿ ದೋಣಿಯೇರಿ ವಿಹರಿಸಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಕಾರವಾರದ ಕಡಲತೀರಕ್ಕೆ ಇಂದಿಗೂ ಅವರ ಹೆಸರಿದೆ. ಒಬ್ಬ ಅಧಿಕಾರಿಯ ವರ್ಗಾವಣೆಯ ಆದೇಶಗಳು ಸಾಬರಮತಿಗೂ ಕಾಳಿಗೂ ಹೀಗೆ ನಂಟು ಬೆಸೆದವು.

1960ರ ಮೇ 1ರಂದು ಗುಜರಾತ್ ರಾಜ್ಯ ಉದಯವಾದಾಗ ಮಹಲು ರಾಜಭವನವಾಯಿತು. ರಾಜಧಾನಿ ಗಾಂಧಿನಗರಕ್ಕೆ ಹೋದ ಮೇಲೂ 1978ರವರೆಗೆ ರಾಜ್ಯಪಾಲರು ಇಲ್ಲಿಯೇ ಇದ್ದರು. ಬಳಿಕ ಕಟ್ಟಡವನ್ನು ಸರದಾರ ವಲ್ಲಭಭಾಯಿ ಪಟೇಲರ ಸ್ಮಾರಕಕ್ಕೆ ಒಪ್ಪಿಸಲಾಯಿತು. 1980ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, 2013ರಲ್ಲಿ ನವೀಕರಣಗೊಂಡಿತು. ಶಾಹಜಾದೆಯ ಆನೆ ಹಿಂದಿರುಗಿತೆನ್ನುವ ಕಡೆ ಈಗ ಶಾಲೆಯ ಮಕ್ಕಳು ಸಾಲುಗಟ್ಟಿ ಒಳಹೋಗುತ್ತಾರೆ.

ಸುಬೇದಾರರ, ಕಮಿಷನರುಗಳ ವಾಸದ ಗುರುತು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಆದರೆ ಅಣ್ಣನ ಮನೆಗೆ ಅತಿಥಿಯಾಗಿ ಬಂದು ಕೆಲವು ತಿಂಗಳಷ್ಟೇ ಇದ್ದ ಹುಡುಗನ ಕೋಣೆಯನ್ನು ಕಾಪಾಡಿ ಇಡಲಾಗಿದೆ.