ಗೋಡೆಯ ಮೇಲಿನ ಕೆಂಪು ಸಿಲಿಂಡರು

ಕಳೆದ ದೀಪಾವಳಿಯ ಹಿಂದಿನ ಸಂಜೆ. ಮುಂಬಯಿಯ ನಮ್ಮ ಕಟ್ಟಡದಲ್ಲಿ ಪಕ್ಕದ ಮನೆಯ ಮರಾಠಿ ಮಾವಶಿಯವರು ಚಕ್ಕುಲಿ ಕರಿಯಲು ಎಣ್ಣೆ ಕಾಯಲಿಟ್ಟು, ಫೋನು ಬಂತೆಂದು ಹೊರಕೋಣೆಗೆ ಹೋದರು. ಹಿಂದಿರುಗುವಷ್ಟರಲ್ಲಿ ಬಾಣಲೆ ಹೊತ್ತಿ ಉರಿಯುತ್ತಿತ್ತು. ಕೂಗು ಕೇಳಿ ನಾನು ಮೆಟ್ಟಿಲ ಬಳಿಯ ಕೆಂಪು ಸಿಲಿಂಡರನ್ನು ಕಿತ್ತುಕೊಂಡು ಓಡಿದೆ. ಪಿನ್ನು ಎಳೆದು ಹಿಡಿಕೆ ಒತ್ತಿದರೆ 'ಫುಸ್' ಎಂಬ ಸದ್ದೂ ಬರಲಿಲ್ಲ. ಅದರ ಮುಳ್ಳು ಎಂದೋ ಕೆಂಪು ಗುರುತಿಗೆ ಇಳಿದಿತ್ತು. ದಿನವೂ ಕಛೇರಿಗೆ ಹೋಗುತ್ತ ಬರುತ್ತ ಅದರ ಮುಂದೆಯೇ ಹಾಯುವ ನಾನು ಒಮ್ಮೆಯಾದರೂ ಅದನ್ನು ನೋಡಿರಲಿಲ್ಲ!

ಅಷ್ಟರಲ್ಲಿ ಮಾವಶಿಯವರು ತಂಬಿಗೆ ನೀರು ಎತ್ತಿದ್ದರು. ಹಬ್ಬಕ್ಕೆಂದು ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರು "ನೀರ ಹಾಕಬ್ಯಾಡ್ರೀ!" ಎಂದು ಕೂಗಿ ಅವರ ಕೈ ಹಿಡಿದರು. ಮಾವಶಿಗೆ ಕನ್ನಡ ಬಾರದು. ಹಿಡಿದ ಕೈಯ ಭಾಷೆ ತಿಳಿಯಿತು. ತಾಯಿಯವರು ಗ್ಯಾಸ್ ಆರಿಸಿ, ದೊಡ್ಡ ಪರಾತವನ್ನು ಪಕ್ಕದಿಂದ ಸರಿಸಿ ಬಾಣಲೆಗೆ ಮುಚ್ಚಿದರು. ಉರಿ ಅಡಗಿತು. ಪೂರಾ ತಣ್ಣಗಾಗುವವರೆಗೆ ಅದನ್ನು ತೆಗೆಯಗೊಡಲಿಲ್ಲ.

ಆ ನೀರು ಬಿದ್ದಿದ್ದರೆ? ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ನನ್ನ ಸಿಲಿಂಡರು ಕೆಲಸ ಮಾಡಿದ್ದರೂ, ಹತ್ತಿರದಿಂದ ರಭಸವಾಗಿ ಬಿಟ್ಟ ಪುಡಿ ಎಣ್ಣೆಯನ್ನು ಚೆಲ್ಲಾಡಿಸುತ್ತಿತ್ತೆಂದು ಆಮೇಲೆ ತಿಳಿಯಿತು. ಬೆಂಕಿಯ ಜಾತಿ ತಿಳಿಯದೆ ಆಯುಧ ಹಿಡಿಯಬಾರದೆಂಬುದೇ ನಾನು ಕಲಿತ ಮೊದಲ ಪಾಠ.

ಕಟ್ಟಿಗೆ, ಕಾಗದ, ಬಟ್ಟೆಯ ಬೆಂಕಿ 'ಎ' ವರ್ಗ; ಪೆಟ್ರೋಲು, ಸೀಮೆಎಣ್ಣೆಯಂಥ ದ್ರವಗಳದು 'ಬಿ'; ಅನಿಲದ್ದು 'ಸಿ'; ಅಡಿಗೆ ಎಣ್ಣೆಯದು 'ಎಫ್'. ಮನೆಗೆ ಸಾಮಾನ್ಯವಾಗಿ 'ಎಬಿಸಿ' ಪುಡಿಯ ಸಿಲಿಂಡರು ಅನುಕೂಲ. ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ ಐಎಸ್ 15683 ಎಂಬ ಸಂಖ್ಯೆಯನ್ನೂ ನೋಡಿರಿ. ಮನೆಯ ಹೆಂಗಸರೂ ಹಿರಿಯರೂ ಎತ್ತಬಲ್ಲ ತೂಕದ್ದಿರಲಿ. ಬಾಣಲೆಯ ಬೆಂಕಿಗೆ ಮುಚ್ಚಳವೇ ಮೊದಲ ಮದ್ದು. ವಿದ್ಯುತ್ ಉಪಕರಣಗಳಿಗೆ ಇಂಗಾಲದ ಡೈಆಕ್ಸೈಡಿನದು ಒಳ್ಳೆಯದು. ಆದರೆ ಅದರ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚಳಿಯಿಂದ ಚರ್ಮ ಸುಟ್ಟಂತಾಗುವುದು, ಮುಚ್ಚಿದ ಚಿಕ್ಕ ಕೋಣೆಯಲ್ಲಿ ಉಸಿರು ಕಟ್ಟುವುದು. ಮೊದಲು ಮೇನ್ ಸ್ವಿಚ್ಚು ಆರಿಸಬೇಕೆಂಬುದನ್ನು ಮರೆಯಬಾರದು.

ಸಿಲಿಂಡರನ್ನು ಒಲೆಯ ಪಕ್ಕದಲ್ಲಲ್ಲ, ಹೊರಹೋಗುವ ಬಾಗಿಲ ಹತ್ತಿರ ತೂಗುಹಾಕಿರಿ. ಬಳಸುವ ಕ್ರಮ ನಾಲ್ಕೇ ಹೆಜ್ಜೆ: ಪಿನ್ನು ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿಯಿಡಿರಿ, ಹಿಡಿಕೆ ಒತ್ತಿರಿ, ಎಡಬಲಕ್ಕೆ ಬೀಸಿರಿ. ಎರಡು ಮೂರು ಮೀಟರು ದೂರ ನಿಂತು, ಬಾಗಿಲು ನಿಮ್ಮ ಬೆನ್ನಿಗಿರುವಂತೆ ನೋಡಿಕೊಳ್ಳಿರಿ. ಚಿಕ್ಕ ಸಿಲಿಂಡರು ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಆದುದರಿಂದ ಬೆಂಕಿ ಕಸದ ಬುಟ್ಟಿಗಿಂತ ದೊಡ್ಡದಾಗಿದ್ದರೆ, ಹೊಗೆ ತುಂಬಿದ್ದರೆ, ಹೋರಾಡದೆ ಎಲ್ಲರನ್ನೂ ಹೊರಡಿಸಿ, ಬಾಗಿಲೆಳೆದು, 101 ಅಥವಾ 112ಕ್ಕೆ ಫೋನು ಮಾಡಿರಿ. ಲಿಫ್ಟು ಬೇಡ. ಗ್ಯಾಸ್ ಸೋರಿ ಉರಿಯುತ್ತಿದ್ದರೆ ರೆಗ್ಯುಲೇಟರ್ ಮುಚ್ಚುವುದೇ ಮುಖ್ಯ. ಅನಿಲ ನಿಲ್ಲದೆ ಜ್ವಾಲೆ ಮಾತ್ರ ಆರಿದರೆ ಅನಿಲ ತುಂಬಿಕೊಂಡು ಸಿಡಿಯುವ ಭಯವುಂಟು. ಗ್ಯಾಸ್ ಸೋರಿಕೆಯ ದೂರಿಗೆ 1906 ಸಂಖ್ಯೆಯಿದೆ.

ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಸರಿಯಿದೆಯೇ, ಕೊಳವೆ ಬಿರಿದಿಲ್ಲವೇ ಎಂದು ತಿಂಗಳಿಗೊಮ್ಮೆ ನೋಡಿರಿ. ಚೀಟಿಯ ಮೇಲಿನ ಪರೀಕ್ಷೆಯ ತಾರೀಖನ್ನೂ ಓದಿರಿ. ಸ್ವಲ್ಪ ಬಳಸಿದರೂ ಮತ್ತೆ ತುಂಬಿಸಬೇಕು.

1944ರ ಏಪ್ರಿಲ್ 14ರಂದು ಇದೇ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ, ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಹೇರಿದ್ದ 'ಫೋರ್ಟ್ ಸ್ಟಿಕೀನ್' ಹಡಗು ಹೊತ್ತಿ ಸಿಡಿಯಿತು. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ನೆನಪಿಗೆ ಆ ದಿನವನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ.

ನಮ್ಮ ಕಟ್ಟಡದಲ್ಲಿ ಈಗ ಹೊಸ ಸಿಲಿಂಡರು ಬಂದಿದೆ. ತಿಂಗಳ ಮೊದಲ ಭಾನುವಾರ ಮುಳ್ಳು ನೋಡುವ ಕೆಲಸ ನನ್ನದು. ಸಂಗಡ ನನ್ನ ಎಂಟು ವರ್ಷದ ಮಗಳೂ ಬರುತ್ತಾಳೆ. "ಹಸಿರು, ಅಪ್ಪಾ" ಎಂದು ಅವಳು ಹೇಳಿದ ಮೇಲೆಯೇ ನಮಗೆ ಕಾಫಿ. ಓದುಗ ಬಂಧುಗಳೂ ಈ ಪತ್ರಿಕೆಯನ್ನು ಕೆಳಗಿಟ್ಟೊಡನೆ ಒಮ್ಮೆ ಮೆಟ್ಟಿಲ ಬಳಿ ಹೋಗಿ ನೋಡಿ ಬರಬೇಕೆಂದು ಪ್ರಾರ್ಥನೆ.