ಗದ್ದಲದಲ್ಲಿ ಅಡಗುವ ಮೆಲುದನಿ

ತರಗತಿಯಲ್ಲಿ ಮಕ್ಕಳೆಲ್ಲರೂ ಒಮ್ಮೆಲೇ ಮಗ್ಗಿ ಹೇಳತೊಡಗಿದರೆ, ಕೊನೆಯ ಸಾಲಿನ ಮೆಲುದನಿಯ ಬಾಲಕಿ ಸರಿ ಹೇಳಿದಳೋ ತಪ್ಪು ಹೇಳಿದಳೋ ಅಧ್ಯಾಪಕರಾದ ನಮಗೆ ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ ಓಡುವ ಹೊಸ ಬಗೆಯ ಕಾರುಗಳಿಗೂ ಇಂದು ಇಂತಹುದೇ ಸಂಕಟ ಒದಗಿದೆ.

ಇಂತಹ ಅನೇಕ ಕಾರುಗಳ ಮುಂಭಾಗದಲ್ಲಿ ಪುಟ್ಟ ರಡಾರ್ ಅಡಗಿರುತ್ತದೆ. ಅದು ರೇಡಿಯೋ ಅಲೆಗಳನ್ನು ಹೊರಸೂಸಿ, ಎದುರಿನ ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಅಪಾಯವಿದ್ದರೆ ಚಾಲಕನನ್ನು ಎಚ್ಚರಿಸುತ್ತದೆ, ಕೆಲವು ಕಾರುಗಳಲ್ಲಿ ತಾನೇ ಬ್ರೇಕು ಹಾಕಿಸುತ್ತದೆ. ರೇಡಿಯೋ ಪ್ರತಿಧ್ವನಿಯಿಂದ ಹಡಗನ್ನು ಗುರುತಿಸಬಹುದೆಂದು ಜರ್ಮನಿಯ ಕ್ರಿಶ್ಚಿಯನ್ ಹ್ಯೂಲ್ಸ್‌ಮೇಯರ್ 1904ರಲ್ಲಿಯೇ ತೋರಿಸಿದ್ದನು. 150 ಮೀಟರ್ ದೂರದ ಲಾರಿಯಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಸಾಕು.

ಈ ರಡಾರುಗಳಲ್ಲಿ ಬಹುಪಾಲು 76ರಿಂದ 81 ಗಿಗಾಹರ್ಟ್ಸ್‌ಗಳ ನಡುವೆಯೇ ಕೆಲಸ ಮಾಡುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ. ಎದುರು ಕಾರಿನ ಅಲೆ ನಮ್ಮಲ್ಲಿಗೆ ನೇರವಾಗಿ ಬರುತ್ತದೆ. ನಮ್ಮ ಅಲೆಯಾದರೋ ಹೋಗಿ ಮರಳಬೇಕು. ದೂರ ಇಮ್ಮಡಿಯಾದರೆ ನೇರ ಅಲೆಯ ಬಲ ನಾಲ್ಕರಲ್ಲೊಂದು ಪಾಲಿಗಿಳಿದರೆ, ಪ್ರತಿಧ್ವನಿಯ ಬಲ ಹದಿನಾರರಲ್ಲೊಂದು ಪಾಲಿಗೆ ಕುಸಿಯುತ್ತದೆ. ಹೀಗಾಗಿ ಪರರ ಕೂಗಿನ ಮುಂದೆ ನಮ್ಮದೇ ಪ್ರತಿಧ್ವನಿ ಸೋಲುತ್ತದೆ. ಕೆಲವೊಮ್ಮೆ ಇಲ್ಲದ ವಾಹನ ಇದ್ದಂತೆ ತೋರುವುದುಂಟು. ಅದಕ್ಕಿಂತ ಕೇಡಿನದೆಂದರೆ, ಇರುವ ವಸ್ತು ಮರೆಯಾಗುವುದು. ಲಾರಿಯ ಪ್ರತಿಧ್ವನಿ ಬಲವಾದುದು; ಪಾದಚಾರಿಯದು ಕ್ಷೀಣ. ಗದ್ದಲದಲ್ಲಿ ಮೊದಲು ಮುಳುಗುವವನು ಅವನೇ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳಲ್ಲೊಂದು ರೂಪ ಬದಲಿಸುವ ಆಂಟೆನಾ. ಈ ಅಲೆಯ ಉದ್ದ ಸುಮಾರು 4 ಮಿಲಿಮೀಟರ್ ಮಾತ್ರ. ಆದುದರಿಂದ ಅಂಗೈಯಗಲದ ಹಲಗೆಯ ಮೇಲೆ ಅನೇಕ ಪುಟ್ಟ ಆಂಟೆನಾಗಳನ್ನು ಜೋಡಿಸಬಹುದು. ಅವುಗಳಿಗೆ ಬಂದ ಅಲೆಗಳನ್ನು ತಕ್ಕಂತೆ ಹಿಂದುಮುಂದಾಗಿಸಿ ಕೂಡಿಸಿದರೆ, ಯಾವ ಭಾಗವನ್ನೂ ತಿರುಗಿಸದೆಯೇ ಗದ್ದಲ ಬರುವ ದಿಕ್ಕಿಗೆ ಕಿವಿ ಮುಚ್ಚಿಕೊಂಡಂತಾಗುತ್ತದೆ. ವಿದ್ಯುತ್ ಸ್ವಿಚ್ಚುಗಳಿಂದ ಲೋಹದ ತುಣುಕುಗಳನ್ನು ಕೂಡಿಸಿ ಬಿಡಿಸಿ ಆಂಟೆನಾದ ಆಕಾರವನ್ನೇ ಮಾರ್ಪಡಿಸುವ ವಿಧಾನವೂ ಉಂಟು.

ಆದರೆ ಎದುರು ಕಾರು ಬರುವ ದಿಕ್ಕಿನಲ್ಲಿಯೇ ಮಗುವೊಂದು ನಿಂತಿದ್ದರೆ? ಆ ಕಡೆಗೆ ಮುಚ್ಚಿದ ಕಿವಿ ಮಗುವಿನ ಪ್ರತಿಧ್ವನಿಗೂ ಮುಚ್ಚಿದಂತೆಯೇ. ಆದಕಾರಣ ಕಿವಿಯ ಜಾಣ್ಮೆಯೊಂದೇ ಸಾಲದು. ಮಾತಿನಲ್ಲಿಯೂ ಶಿಸ್ತು ಬೇಕು. ಪ್ರತಿಯೊಂದು ರಡಾರೂ ತನ್ನ ಕಂಪನಾಂಕವನ್ನೂ ವೇಳೆಯನ್ನೂ ಬದಲಿಸಿಕೊಂಡು ಇತರರಿಗೆ ಎಡೆಗೊಡಬೇಕು. ಯುರೋಪಿನಲ್ಲಿ 2010ರಿಂದ 2012ರವರೆಗೆ ನಡೆದ ‘ಮೊಸಾರಿಮ್’ ಯೋಜನೆಯು ಇಂತಹ ಉಪಾಯಗಳನ್ನೇ ಪರಿಶೀಲಿಸಿತು. ತಯಾರಕರೆಲ್ಲರೂ ಒಂದೇ ಕಟ್ಟಳೆಗೆ ಒಪ್ಪಿ ನಡೆದಲ್ಲಿ ಮಾತ್ರ ಈ ಶಿಸ್ತು ಪೂರ್ಣವಾದೀತು.

ನಮ್ಮ ಗಡಿನಾಡಿನ ಎಷ್ಟೋ ಮಕ್ಕಳು ಹೆದ್ದಾರಿ ದಾಟಿಯೇ ಶಾಲೆಗೆ ಬರುವವರು. ವಾಹನ ತಮ್ಮನ್ನು ಕಂಡೇ ಕಾಣುವುದೆಂದು ಅವರು ನಂಬದಿರಲಿ. ಯಂತ್ರ ನೋಡಿಕೊಳ್ಳುವುದೆಂದು ಚಾಲಕರೂ ಕಣ್ಣು ಮುಚ್ಚದಿರಲಿ. ಎರಡೂ ಕಡೆ ನೋಡಿ ದಾಟುವ ಹಳೆಯ ಪಾಠವನ್ನು ನಾವು ಶಾಲೆಯಲ್ಲಿ ಹೇಳುತ್ತಲೇ ಇದ್ದೇವೆ. ಮನೆಯಲ್ಲಿ ಹಿರಿಯರೂ ಹೇಳುತ್ತಿರಬೇಕು.