ಬಾಟಲಿಯಲ್ಲಿ ಬೇರು, ಎಲೆಯಡಿ ಚಿನ್ನ

ಧಾರವಾಡದ ಮಾಳಮಡ್ಡಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಹಿತ್ತಲಿಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಕಂದು ಗಾಜಿನ ಔಷಧಿ ಬಾಟಲಿಗಳು. ಮಕ್ಕಳ ಕೈಗೆ ಎಟುಕದ ಗೋಡೆಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಒಂದೊಂದು ಕಣಗಿಲೆ ಕಡ್ಡಿ. ಒಂದನ್ನು ಇಳಿಸಿ ಬೆಳಕಿಗೆ ಹಿಡಿದರು. ಬುಡದಲ್ಲಿ ಬಿಳಿ ಬೇರು ಒಡೆದಿತ್ತು. “ಸಸಿಗೆ ಯಾಕ ರೊಕ್ಕಾ ಹಾಕ್ತೀರಿ? ಒಂದು ಟೊಂಗಿ ಒಯ್ರಿ ಸಾಕು” ಎಂದರು ಅಕ್ಕೋರು.

ತಾಯಿಗಿಡ ಬಾವಿಕಟ್ಟೆಯ ಪಕ್ಕದಲ್ಲಿದೆ. ಅವರ ಅತ್ತೆ ನೆಟ್ಟದ್ದು. ತಿಳಿಗುಲಾಬಿ ಬಣ್ಣದ, ಹಲವು ಸುತ್ತಿನ ದಳಗಳ ಹೂ. ಸಂಜೆಯಾದರೆ ಇಡೀ ಹಿತ್ತಲೇ ಘಮಘಮ. ಈಗ ನರ್ಸರಿಗಳಲ್ಲಿ ಸಿಗುವ ಗಿಡ್ಡ ತಳಿಗಳಲ್ಲಿ ಆ ಪರಿಮಳ ನನಗೆ ಸಿಕ್ಕಿಲ್ಲ. ಬೀಜ ಬಿತ್ತಿದರೆ ಮೂಲ ಗಿಡದ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಈ ಬಣ್ಣ, ಈ ಗಂಧ ಹಾಗೆಯೇ ಉಳಿಯಬೇಕಾದರೆ ಟೊಂಗೆಯಿಂದಲೇ ಗಿಡ ಮಾಡಬೇಕು.

ಅಕ್ಕೋರು ಆರಿಸುವುದು ಮೊಗ್ಗಿಲ್ಲದ ಟೊಂಗೆ. ತೀರಾ ಎಳಸಾದರೆ ಕೊಳೆಯುತ್ತದೆ, ಬಲಿತು ಕಟ್ಟಿಗೆಯಾದರೆ ಬೇರು ತಡ. ಒಂದು ಗೇಣು ಉದ್ದಕ್ಕೆ, ಗೆಣ್ಣಿನ ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸುತ್ತಾರೆ. ಒಸರುವ ರಸವನ್ನು ನೀರಿನಲ್ಲಿ ತೊಳೆದು, ತುದಿಯ ನಾಲ್ಕಾರು ಎಲೆ ಬಿಟ್ಟು ಉಳಿದದ್ದನ್ನು ತೆಗೆದು ಬಾಟಲಿಗೆ ಇಳಿಸುತ್ತಾರೆ. ಕಂದು ಗಾಜಿನಲ್ಲಿ ಪಾಚಿ ಕಡಿಮೆ. ನೀರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಸೆಖೆಯ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಚಳಿಗಾಲದಲ್ಲಿ ಇನ್ನಷ್ಟು ಕಾಯಬೇಕು. ತುದಿಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು, ಕತ್ತರಿಸಿದ ಜಾಗದಲ್ಲಿ ತಂಗಿ ಬೇರು ಹುಟ್ಟಿಸುತ್ತದೆ. ಅಂಗಡಿಯ ಬೇರು ಬರಿಸುವ ಪುಡಿಯಲ್ಲಿರುವುದೂ ಇದೇ ಜಾತಿಯ ರಾಸಾಯನಿಕ. ಕಣಗಿಲೆಗೆ ಅದರ ಹಂಗು ಬೇಕಿಲ್ಲ.

ಬೇರು ಒಂದಿಂಚು ಮುಟ್ಟುವ ಹೊತ್ತಿಗೆ ಮಣ್ಣಿಗೆ ಬರಬೇಕು. ನೀರಿನಲ್ಲಿ ಬೆಳೆದ ಬೇರು ಬಲು ನಾಜೂಕು, ತಡಮಾಡಿದಷ್ಟೂ ಮುರಿಯುತ್ತದೆ. ಮರಳು ಬೆರೆಸಿದ ಕೆಂಪುಮಣ್ಣು, ಕೆಲವು ದಿನ ನೆರಳು, ಆಮೇಲೆ ಪೂರ್ತಿ ಬಿಸಿಲು. ಗಿಡ ನೆಲೆಯೂರಿದ ಮೇಲೆ ತುದಿ ಚಿವುಟಿದರೆ ಕವಲು ಹೆಚ್ಚು.

ಹೊರಡುವ ಹೊತ್ತಿಗೆ ಅಕ್ಕೋರು ಒಂದು ಎಲೆಯನ್ನು ಮೆಲ್ಲಗೆ ಮಗುಚಿ ತೋರಿಸಿದರು. ಅಡಿಯಲ್ಲಿ ಬಂಗಾರದ ಜುಮುಕಿಯ ಹಾಗೆ ಏನೋ ತೂಗುತ್ತಿತ್ತು. ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯ ಗೂಡುಹುಳು, ಅಂದರೆ ಪ್ಯೂಪಾ. ಬಗ್ಗಿ ನೋಡಿದೆ, ಅದರ ಮೈಯಲ್ಲಿ ನನ್ನ ಮುಖ, ಬಾವಿಕಟ್ಟೆ, ಆಕಾಶ ಎಲ್ಲ ಕಾಣುತ್ತಿದ್ದವು. ಆ ಹೊಳಪಿನಲ್ಲಿ ಲೋಹದ ಕಣವೂ ಇಲ್ಲ. ಹೊರಚರ್ಮದಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ಕುಳಿತಿವೆ. ಬೆಳಕು ಪದರಪದರಕ್ಕೂ ಪ್ರತಿಫಲಿಸಿ ಕನ್ನಡಿಯಾಗುತ್ತದೆ. ಚಿಟ್ಟೆ ಹೊರಬರುವ ಮುನ್ನ ಹೊಳಪು ಮಾಸಿ, ಒಳಗಿನ ಕಪ್ಪು ರೆಕ್ಕೆ ಕಾಣತೊಡಗುತ್ತದೆ. ಮೈಮೇಲೆ ಉದ್ದುದ್ದ ಮೀಸೆಯಂಥ ಎಳೆಗಳಿರುವ ಇದರ ಪಟ್ಟೆಪಟ್ಟೆ ಹುಳು ತಿನ್ನುವುದು ಇದೇ ಕಣಗಿಲೆಯ ವಿಷದ ಎಲೆ. ಬೆಳೆದ ಚಿಟ್ಟೆ ಹಕ್ಕಿಗಳಿಗೆ ರುಚಿಸುವುದಿಲ್ಲ. ಹುಳು ಕಂಡ ಕೂಡಲೇ ಔಷಧಿ ಹೊಡೆಯುವವರ ಬಗ್ಗೆ ನನಗೆ ಸಿಟ್ಟಿದೆ. ನಾಲ್ಕು ಎಲೆ ಹೋದರೂ ಗಿಡ ಮತ್ತೆ ಚಿಗುರುತ್ತದೆ.

ಕಡ್ಡಿಯಾಗಿ ಊರೂರು ದಾಟುವುದು ಈ ಗಿಡದ ಹಳೆಯ ಅಭ್ಯಾಸ. ಪ್ರಾಚೀನ ರೋಮನ್ ನಗರ ಪೊಂಪೈಯ ಗೋಡೆಚಿತ್ರಗಳಲ್ಲಿ ಕಣಗಿಲೆಯಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ನೀರಿಯಂ ಒಲಿಯಾಂಡರ್ ಎಂದು ಹೆಸರಿಟ್ಟ. 1841ರಲ್ಲಿ ವ್ಯಾಪಾರಿ ಜೋಸೆಫ್ ಆಸ್ಟರ್‌ಮನ್ ಜಮೈಕಾದಿಂದ ತಂದ ಗಿಡಗಳು ಅಮೆರಿಕದ ಗ್ಯಾಲ್ವೆಸ್ಟನ್ ಊರಿನಲ್ಲಿ ಅಂಗಳದಿಂದ ಅಂಗಳಕ್ಕೆ ಹರಡಿದವು. ಈಗ ಆ ಊರಿಗೆ ಕಣಗಿಲೆ ನಗರವೆಂದೇ ಹೆಸರು. ಅಣುಬಾಂಬಿನ ನಂತರ ಹಿರೋಷಿಮಾದಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಇದೂ ಒಂದು. 1973ರಲ್ಲಿ ಆ ನಗರ ಇದನ್ನೇ ತನ್ನ ಅಧಿಕೃತ ಹೂವಾಗಿ ಆರಿಸಿಕೊಂಡಿತು. ನಮ್ಮಲ್ಲಿ ಶಿವನ ಪೂಜೆಗೂ ಇದೇ ಹೂ, ಹೆದ್ದಾರಿಯ ನಡುಪಟ್ಟಿಗೂ ಇದೇ ಗಿಡ.

ವಿಷದ ಮಾತನ್ನು ತೇಲಿಸಿ ಹೇಳಲಾರೆ. ಎಲೆ, ಹೂ, ಕಡ್ಡಿ, ಬೇರು ಎಲ್ಲದರಲ್ಲೂ ಒಲಿಯಾಂಡ್ರಿನ್ ಇದೆ. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬಳಸದಂತೆ ತಡೆದದ್ದು ಸರಿಯಾದ ನಿರ್ಧಾರ. ಆದರೆ ಹೆದರಿ ಹಳೆಯ ಗಿಡಗಳನ್ನು ಬುಡಸಮೇತ ಕೀಳುವುದನ್ನು ನಾನು ಒಪ್ಪುವುದಿಲ್ಲ. ತಿಳಿದು ಸಾಕಿದರೆ ಸಾಕು.

ಈ ಮಳೆಗಾಲದಲ್ಲಿ ಪರಿಮಳದ ಹಳೆಯ ಕಣಗಿಲೆ ಎಲ್ಲಿಯಾದರೂ ಕಂಡರೆ, ಮನೆಯವರನ್ನು ಕೇಳಿ ಒಂದು ಟೊಂಗೆ ತನ್ನಿ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಾಟಲಿ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಿರಲಿ, ಅದರ ನೀರೂ ವಿಷವೇ. ಕತ್ತರಿಸಿ ಉಳಿದದ್ದನ್ನು ಒಲೆಗಾಗಲಿ ಮೇವಿಗಾಗಲಿ ಹಾಕಬೇಡಿ, ಹೊಗೆಯೂ ಅಪಾಯ. ಬೇರು ಬಂದ ಎರಡನೆಯ ಕಡ್ಡಿಯನ್ನು ಪಕ್ಕದ ಮನೆಯವರಿಗೆ, ಈ ಎಚ್ಚರಿಕೆಗಳ ಸಮೇತ, ಕೊಡಿ.